ಪ್ರತಿಕ್ರಿಯೆ: ಯಹೂದಿ ಸಮಾಧಿಗಳ ಮೇಲೆ ಕಲ್ಲು ಯಾಕೆ?

ಪ್ರಾಗ್‌ನ ಹಳೆಯ ಯಹೂದಿ ಸ್ಮಶಾನದಲ್ಲಿ ಸಮಾಧಿಗಳ ಮೇಲೆ ಸಣ್ಣ ಕಲ್ಲುಗಳಿದ್ದವು, ಅದು ಹರಕೆಯಾ, ನಾನೂ ಒಂದು ಇಟ್ಟಿದ್ದರೆ ತಪ್ಪಾಗುತ್ತಿತ್ತಾ ಎಂದು ಕೇಳಿದ್ದೀರಿ.

ತಪ್ಪೇನಿಲ್ಲ. ಹರಕೆಯೂ ಅಲ್ಲ. 'ನಾನು ಬಂದಿದ್ದೆ, ನಿಮ್ಮನ್ನು ಮರೆತಿಲ್ಲ' ಅನ್ನುವುದಕ್ಕೆ ಗುರುತು, ಅಷ್ಟೇ. ನೀವು ನೋಡಿದ್ದು ಬಹುಶಃ 1609ರಲ್ಲಿ ತೀರಿಕೊಂಡ ಯಹೂದಿ ಧರ್ಮಗುರು ರಬ್ಬಿ ಲೋವ್ ಅವರ ಸಮಾಧಿ ಇರಬೇಕು. ಅಲ್ಲಿ ಜನ ಕೋರಿಕೆ ಬರೆದ ಚೀಟಿಗಳನ್ನೂ ಇಡುತ್ತಾರೆ. ನಿಮಗೆ ಹರಕೆ ಅನಿಸಿದ್ದು ಅದಕ್ಕೇ ಇರಬಹುದು.

ಇದು ಶಾಸ್ತ್ರದ ಕಟ್ಟಳೆಯಲ್ಲ, ರೂಢಿ. ಹಾಗಾಗಿ ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೂವು ಬಾಡುತ್ತದೆ, ಕಲ್ಲು ಉಳಿಯುತ್ತದೆ ಅನ್ನುವುದು ಎಲ್ಲರೂ ಹೇಳುವ ಮಾತು. ನನಗೆ ಇಷ್ಟವಾದದ್ದು ಬೇರೆ. ಹೀಬ್ರೂವಿನ 'ತ್ಸ್ರೋರ್' ಪದಕ್ಕೆ ಗಂಟು ಅನ್ನುವ ಅರ್ಥವೂ ಇದೆ, ಸಣ್ಣ ಕಲ್ಲು ಅನ್ನುವ ಅರ್ಥವೂ ಇದೆ. ಸತ್ತವರ ಜೀವ 'ಬದುಕಿನ ಗಂಟಿನಲ್ಲಿ' ಸೇರಿರಲಿ ಅನ್ನುವ ಹಾರೈಕೆಯ ಐದು ಮೊದಲಕ್ಷರಗಳನ್ನು ಸಮಾಧಿಕಲ್ಲಿನ ಮೇಲೆ ಕೆತ್ತುತ್ತಾರೆ. ಪದದ ಆಟ ಚೆನ್ನಾಗಿದೆ ಅಲ್ವಾ? ರೂಢಿ ಹುಟ್ಟಿದ್ದೇ ಇದರಿಂದ ಅಂತ ಮಾತ್ರ ನಾನು ಹೇಳಲಾರೆ.

ಬೇರೆ ಧರ್ಮದವರು ಇಟ್ಟರೂ ನಡೆಯುತ್ತದೆ. ನಾಜಿಗಳಿಂದ ಯಹೂದಿಗಳನ್ನು ಉಳಿಸಿದ ಜರ್ಮನ್ ಉದ್ಯಮಿ ಆಸ್ಕರ್ ಶಿಂಡ್ಲರ್ ಅವರ ಸಮಾಧಿಯನ್ನು ಜೆರುಸಲೇಮಿನಲ್ಲಿ ನೋಡಿ. ಅವರು ಕ್ಯಾಥೊಲಿಕ್, ಸ್ಮಶಾನವೂ ಕ್ಯಾಥೊಲಿಕರದೇ. ಆದರೂ ಅದರ ತುಂಬ ಕಲ್ಲುಗಳು.

ಮುಂದಿನ ಸಲ ಹೋದರೆ ನೆಲದ ಮೇಲಿನ ಯಾವುದಾದರೂ ಸಣ್ಣ ಕಲ್ಲು ಸಾಕು. ಪಕ್ಕದ ಸಮಾಧಿ ಮೇಲಿಂದ ಮಾತ್ರ ತೆಗೆಯಬೇಡಿ!