ಅಡಿಕೆ ದುಡ್ಡು ಕಾಯಲಿಕ್ಕೆ ಸೊಂಟದಲ್ಲಿ ರಿವಾಲ್ವರ್ ಬೇಕೇ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ವ್ಯಾಪಾರ, ವಾರಕ್ಕೆರಡು ಸಲ ಗಡಿಯಾಚೆ ಕರ್ನಾಟಕದ ವಿಟ್ಲದಿಂದ ಕತ್ತಲಾದ ಮೇಲೆ ದುಡ್ಡು ತರುವುದು, ಅಂಗಿಯೊಳಗೆ ಕಾಣದ ಹಾಗೆ ಇಟ್ಟುಕೊಳ್ಳಲು ಯಾವ ರಿವಾಲ್ವರ್ ಒಳ್ಳೆಯದು ಎಂದು ನೀವು ಬರೆದು ಕೇಳಿದ್ದೀರಿ. ಇದು ನಾನೇ ಹಿಂದೊಮ್ಮೆ ಬರೆದಿಟ್ಟು ಮರೆತ ಪ್ರಶ್ನೆಯೋ ಅನ್ನಿಸಿತು ಮಾರಾಯರೇ. ಊರು ಅದೇ, ದಾರಿ ಅದೇ, ಹೆದರಿಕೆಯೂ ಅದೇ.

2014ರಲ್ಲಿ ಬೈಕಿನಲ್ಲಿ ಬಂದ ಇಬ್ಬರು ನನ್ನ ಸ್ಕೂಟರಿಗೆ ಅಡ್ಡ ಹಾಕಿ 1.8 ಲಕ್ಷದ ಚೀಲ ಕಿತ್ತುಕೊಂಡು ಹೋದರು. ಆ ದೂರಿನ ಪ್ರತಿ, ವ್ಯಾಪಾರದ ನೋಂದಣಿ, ಬ್ಯಾಂಕಿನ ಲೆಕ್ಕ, ತೀರ್ವೆ ರಶೀದಿ ಎಲ್ಲ ಕಟ್ಟಿಕೊಂಡು ವಿದ್ಯಾನಗರದ ಕಲೆಕ್ಟರೇಟಿಗೆ ಅಲೆದು, 2016ರ ಕೊನೆಗೆ ಲೈಸನ್ಸ್ ಸಿಕ್ಕಿತು. ಬರೀ 'ಹೆದರಿಕೆ ಉಂಟು' ಅಂದರೆ ಕೈಬಂದೂಕಿಗೆ ಲೈಸನ್ಸ್ ಸಿಗುವುದಿಲ್ಲ, ಹೆದರಿಕೆಗೆ ಕಾಗದ ಬೇಕು. ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ತೆಗೆದುಕೊಂಡೆ. ಒಂದೂವರೆ ವರ್ಷ ಸೊಂಟದಲ್ಲಿತ್ತು. ಒಂದು ಸಲವೂ ಹೊರಗೆ ತೆಗೆಯಬೇಕಾಗಲಿಲ್ಲ. ತೆಗೆದದ್ದು ಒಂದೇ ಸಲ, ಪೊಲೀಸರ ಕೈಗೆ ಕೊಡಲಿಕ್ಕೆ.

2018ರ ಏಪ್ರಿಲ್ 17, ಬಿಸು ಕಳೆದು ಎರಡು ದಿನ. ಗಡಿಯ ಸಾರಡ್ಕ ಗೇಟು ದಾಟಿದ ಕೂಡಲೇ ಕರ್ನಾಟಕದ ಚುನಾವಣಾ ತಪಾಸಣೆ. ನನಗೆ ಅಳುಕೇ ಇರಲಿಲ್ಲ. ಅವರು ಕೇಳುವ ಮೊದಲೇ 'ಸರ್, ರಿವಾಲ್ವರ್ ಉಂಟು, ಲೈಸನ್ಸ್ ಉಂಟು' ಎಂದು ಪುಸ್ತಕ ಚಾಚಿದೆ. ಆ ಅಧಿಕಾರಿ ಫೋಟೋ ನೋಡಿದರು, ರಿವಾಲ್ವರಿನ ನಂಬರು ತಾಳೆ ನೋಡಿದರು, ಗುಂಡು ಎಣಿಸಿದರು: ಒಳಗೆ ಆರು, ಕಿಸೆಯಲ್ಲಿ ಆರು. ಎಲ್ಲ ಸರಿ ಇತ್ತು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಊರ್ಜಿತ ಪ್ರದೇಶ: ಕೇರಳ ರಾಜ್ಯ.

ಆ ಒಂದು ಸಾಲನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನೀವು ಬೀಳುವುದೂ ಅಲ್ಲಿಯೇ. ಅರ್ಜಿ ತುಂಬುವಾಗ ಆಯುಧವನ್ನು ಯಾವ ಪ್ರದೇಶದಲ್ಲಿ ಒಯ್ಯಬೇಕು ಎಂದು ಕೇಳುವ ಒಂದು ಕಾಲಂ ಬರುತ್ತದೆ. ನನ್ನ ಅರ್ಜಿ ತುಂಬಿದವನು ಎಲ್ಲರಿಗೂ ಬರೆಯುವ ಹಾಗೆ 'ರಾಜ್ಯ' ಎಂದು ಬರೆದ. ನಾನು ಓದಿದೆ, ಸಹಿ ಹಾಕಿದೆ. ಓದಿಯೂ ತಲೆಗೆ ಹೋಗದ್ದಕ್ಕೆ ಕಾರಣ ಉಂಟು. ನನಗೆ ವಿಟ್ಲ ಹೊರರಾಜ್ಯ ಅಲ್ಲವೇ ಅಲ್ಲ. ಅಜ್ಜನ ಮನೆ ಆಚೆ, ಹೆಂಡತಿಯ ತವರು ಪುತ್ತೂರು, ಜ್ವರ ಜೋರಾದರೆ ಮಂಗಳೂರು, ಅಡಿಕೆಗೆ ಪೇಟೆ ವಿಟ್ಲ. ನಮಗೆ ಪರವೂರು ಅಂದರೆ ತಿರುವನಂತಪುರ. ರಾಜ್ಯ ಎಂಬ ಶಬ್ದ ಕಂಡಾಗ ನನ್ನ ಮನಸ್ಸು ನಾನು ಓಡಾಡುವ ಜಾಗವನ್ನೆಲ್ಲ ಅದರೊಳಗೆ ಸೇರಿಸಿಕೊಂಡಿತು. ಕಾನೂನು ಸೇರಿಸಿಕೊಳ್ಳಲಿಲ್ಲ. ಅದರ ಲೆಕ್ಕದಲ್ಲಿ ಆ ಪುಸ್ತಕ ಹಿಡಿದುಕೊಂಡು ನಾನು ಕೇರಳದ ತೆಂಕು ತುದಿಯ ಪಾರಶಾಲೆಯವರೆಗೆ ಆರುನೂರು ಕಿಲೋಮೀಟರ್ ಹೋಗಬಹುದಿತ್ತು, ಗೇಟಿನಿಂದ ನೂರು ಅಡಿ ಆಚೆ ಹೋಗುವಂತಿರಲಿಲ್ಲ. ಒಂದೂವರೆ ವರ್ಷ ಯಾರೂ ಕೇಳಲಿಲ್ಲ ಎಂಬುದೇ ನನಗೆ ಅನುಮತಿಯ ಹಾಗೆ ಕಂಡಿತ್ತು. ವ್ಯಾಪಾರದ ಕಾಗದ ತೋರಿಸಿ ಕರ್ನಾಟಕವನ್ನೂ ಸೇರಿಸಿಕೊಡಿ ಎಂದು ಕೇಳಲಿಕ್ಕೆ ಬೇರೆಯೇ ಅರ್ಜಿ ಉಂಟು. ಕೊಡುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ನನ್ನ ಆಯುಧದ ಅಗತ್ಯ ಇದ್ದದ್ದೇ ಗಡಿಯ ಆಚೆ, ಲೈಸನ್ಸ್ ಇದ್ದದ್ದು ಈಚೆ. ಇಷ್ಟು ಸಣ್ಣ ಲೆಕ್ಕ.

ಪೊಲೀಸರು ಆಯುಧ ಕಾಯಿದೆಯ 25ನೇ ಕಲಂ ಹಾಕಿದರು, ಅಂದರೆ ಲೈಸನ್ಸೇ ಇಲ್ಲದವನ ಹಾಗೆ. ಆಗ ಅದಕ್ಕೆ ಒಂದರಿಂದ ಮೂರು ವರ್ಷ. 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ. ಲೈಸನ್ಸ್ ಉಂಟು, ಶರತ್ತು ಮಾತ್ರ ಮೀರಿದ್ದು, ಆದ್ದರಿಂದ 30ನೇ ಕಲಂ ಎಂದು ನನ್ನ ವಕೀಲರ ವಾದ. ಅದರಲ್ಲಿ ಹೆಚ್ಚೆಂದರೆ ಆರು ತಿಂಗಳು ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ. ಕೊನೆಗೆ ದಂಡದಲ್ಲಿಯೇ ಮುಗಿಯಿತು. ಅದಕ್ಕೆ ಮೂರೂವರೆ ವರ್ಷದ ವಾಯಿದೆಗಳು, ಕದ್ದುಹೋಗಿದ್ದ ಆ ಚೀಲಕ್ಕಿಂತ ಹೆಚ್ಚು ವಕೀಲರ ಖರ್ಚು. ಇತ್ತ ಕೇರಳದಲ್ಲಿ ಲೈಸನ್ಸ್ ಅಮಾನತು, ಆಮೇಲೆ ನವೀಕರಣವೂ ಇಲ್ಲ.

ಚುನಾವಣೆಯ ವಿಷಯ ನಮ್ಮ ಗಡಿಯಲ್ಲಿ ಬೇರೆಯೇ ಉಪದ್ರ. ನೀತಿಸಂಹಿತೆ ಬಂದರೆ ಆಯುಧವನ್ನು ಸ್ಟೇಷನ್ನಿಗೋ ಪರವಾನಗಿಯ ಆಯುಧ ಅಂಗಡಿಗೋ ಒಪ್ಪಿಸಿ ರಶೀದಿ ತರಲಿಕ್ಕೆ ಹೇಳುತ್ತಾರೆ, ಫಲಿತಾಂಶ ಬಂದ ಮೇಲೆಯೇ ವಾಪಸು. 2019ರ ಲೋಕಸಭೆಗೆ ನೀತಿಸಂಹಿತೆ ಬಂದದ್ದು ಮಾರ್ಚ್ 10ಕ್ಕೆ, ಫಲಿತಾಂಶ ಮೇ 23ಕ್ಕೆ. ಅಡಿಕೆ ದುಡ್ಡು ಓಡಾಡುವ ಎರಡೂವರೆ ತಿಂಗಳು ರಿವಾಲ್ವರ್ ಸ್ಟೇಷನ್ನಿನಲ್ಲಿ, ದುಡ್ಡು ನಿಮ್ಮ ಸ್ಕೂಟರಿನಲ್ಲಿ. ಕೇರಳದ ವಿಧಾನಸಭೆ, ಪಂಚಾಯತು, ಮೇಲಿಂದ ಲೋಕಸಭೆ, ಆಚೆ ಕರ್ನಾಟಕದ್ದು ಬೇರೆ. ನಾನು ಸಿಕ್ಕಿಬಿದ್ದ ದಿನ ಕೇರಳದಲ್ಲಿ ಚುನಾವಣೆಯೇ ಇರಲಿಲ್ಲ, ಹಾಗಾಗಿ ಒಪ್ಪಿಸಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಜೊತೆಗೆ ಅಂಥ ತಪಾಸಣೆಯಲ್ಲಿ 50,000 ದಾಟಿದ ನಗದಿಗೆ ಕಾಗದ ತೋರಿಸದಿದ್ದರೆ ಅದೂ ಜಪ್ತಿ.

ಇನ್ನು 'ಕಾಣದ ಹಾಗೆ' ಎಂಬ ನಿಮ್ಮ ಮಾತು. ಅದು ಗುಟ್ಟಿನ ಉಪಾಯ ಅಲ್ಲ, ಕಾನೂನೇ ಹಾಗೆ ಹೇಳುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿಯೇ ಇರಬೇಕು. ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಚಹಾ ಕುಡಿಯಲಿಕ್ಕೆ ಹೋದರೆ ಹತೋಟಿ ಹೋಯಿತು. ಆಸ್ಪತ್ರೆ, ಬ್ಯಾಂಕು, ದೇವಸ್ಥಾನ, ಮಗಳ ಶಾಲೆ, ಎಲ್ಲಿಗೆ ಹೋದರೂ ಇದನ್ನು ಎಲ್ಲಿಡುವುದು ಎಂಬುದೇ ಯೋಚನೆ. ಗುಟ್ಟು ಅಂತೂ ಊರಿನಲ್ಲಿ ಉಳಿಯುವುದಿಲ್ಲ. ಲೈಸನ್ಸಿನ ವಿಚಾರಣೆಗೆ ಬಂದ ಪೊಲೀಸರು ನನ್ನ ಬಗ್ಗೆ ಕೇಳಿದ್ದು ಪೇಟೆಯ ಹೋಟೆಲಿನಲ್ಲಿ. ಮರುದಿನ ಬೆಳಿಗ್ಗೆ ಹಾಲು ತರುವವನು 'ಅಣ್ಣನಿಗೆ ಬೆಡಿ ಬರ್ತದಂತೆ' ಎಂದ. ಬೆಡಿ ಅಂದರೆ ನಮ್ಮಲ್ಲಿ ಬಂದೂಕು.

ಮುಂಡು ಉಡುವವನು ರಿವಾಲ್ವರ್ ಎಲ್ಲಿ ಕಟ್ಟಬೇಕು? ಯಾರೂ ಬರೆಯದ ವಿಷಯ ಇದು. ಮುಂಡಿನ ಗಂಟು ಮುಕ್ಕಾಲು ಕಿಲೋ ಕಬ್ಬಿಣ ಹೊರುವುದಿಲ್ಲ. ಮೇಲೆ ಅಗಲ ಬೆಲ್ಟ್ ಕಟ್ಟಿದರೆ ಹೋಲ್‌ಸ್ಟರ್ ನಿಲ್ಲುತ್ತದೆ, ಆದರೆ ಮುಂಡು ಎತ್ತಿ ಕಟ್ಟುವಾಗ ಬಟ್ಟೆಯ ಮಡಿಕೆ ಹಿಡಿಯ ಮೇಲೆ ಕೂತು, ಕೈ ಹಾಕಿದರೆ ಬಟ್ಟೆಯೇ ಸಿಗುತ್ತದೆ. ಪ್ಯಾಂಟಿನ ಕಿಸೆಯಲ್ಲಿಟ್ಟರೆ ಗೋಣಿ ನಾರು, ಅಡಿಕೆ ಧೂಳು ಗುಂಡಿನ ಕೋಣೆಗಳ ಸುತ್ತ ಸೇರಿಕೊಳ್ಳುತ್ತದೆ. ಟ್ರಿಗರನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಇಲ್ಲದೆ ಬರೀ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವನು ತನ್ನ ತೊಡೆಗೇ ಗುರಿ ಇಟ್ಟ ಹಾಗೆ. ಸ್ಕೂಟರಿನಲ್ಲಿ ಮುಂದೆ ಬಾಗಿದಾಗ ಅಂಗಿ ಹಿಂದೆ ಮೇಲೇರುತ್ತದೆ, ಹೋಲ್‌ಸ್ಟರಿನ ತುದಿ ಹಿಂದಿನ ಬಸ್ಸಿನವರಿಗೆಲ್ಲ ಕಾಣುತ್ತದೆ.

ಮತ್ತೆ ನಮ್ಮ ಮಳೆಗಾಲ. ಚರ್ಮದ ಹೋಲ್‌ಸ್ಟರ್ ಬೆವರನ್ನೂ ತೇವವನ್ನೂ ಹೀರಿ ಹಿಡಿದುಕೊಳ್ಳುತ್ತದೆ. ರಾತ್ರಿ ಅದರಲ್ಲಿಯೇ ಬಿಟ್ಟರೆ ಆಟಿಯ ಮಳೆಯಲ್ಲಿ ಕೆಲವೇ ದಿನಕ್ಕೆ ನಳಿಗೆಯ ಮೇಲೆ ಕೆಂಪು ಚುಕ್ಕೆ, ಹಿತ್ತಾಳೆಯ ತೋಟೆಗಳ ಮೇಲೆ ಹಸಿರು ಕಿಲುಬು. ಮನೆಗೆ ಬಂದ ಕೂಡಲೇ ಹೊರಗೆ ತೆಗೆದು, ಗುಂಡು ಬಿಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಗನ್ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗದೊಳಗೆ ಇಡಬೇಕು, ಗುಂಡು ಬೇರೆ ಬೀಗದಲ್ಲಿ. ತೆಂಗಿನೆಣ್ಣೆ ಹಚ್ಚಬೇಡಿ. ಕಮಟು ಬರುತ್ತದೆ, ಧನುರ್ಮಾಸದ ಚಳಿಗೆ ಗಟ್ಟಿಯೂ ಆಗುತ್ತದೆ. ಎಣ್ಣೆ ಧಾರಾಳ ಸುರಿದರೆ ತೋಟೆಯ ಹಿಂಬದಿಯಲ್ಲಿರುವ, ಮದ್ದಿಗೆ ಕಿಡಿ ಕೊಡುವ ಕೇಪಿನೊಳಗೆ ಇಳಿದು, ಬೇಕಾದ ಹೊತ್ತಿಗೆ 'ಟಕ್' ಎಂಬ ಶಬ್ದ ಮಾತ್ರ ಕೇಳುತ್ತದೆ.

ಯಾವ ಮಾದರಿ ಎಂದು ಕೇಳಿದ್ದೀರಿ, ಆದ್ದರಿಂದ ಒಂದು ಮಾತು. ನಮ್ಮಂಥವರಿಗೆ 9 ಎಂ.ಎಂ. ನಿಷಿದ್ಧ, ಕೈಬಂದೂಕು ಅಂದರೆ ಸಾಮಾನ್ಯವಾಗಿ .32. ಕಾನ್ಪುರದ ಹಳೆಯ ನಮೂನೆ ಮಧ್ಯಕ್ಕೆ ಮಡಚಿ ತೆರೆಯುವ ಆರು ಗುಂಡಿನದ್ದು. 2014ರಲ್ಲಿ ಬಂದ ನಿರ್ಭೀಕ್ ಅರ್ಧ ಕಿಲೋ ತೂಕದ್ದು, ಬಂದಾಗಲೇ ಒಂದು ಲಕ್ಷದ ಇಪ್ಪತ್ತು ಸಾವಿರ ದಾಟಿತ್ತು. ರಿವಾಲ್ವರಿನ .32 ತೋಟೆಯೇ ಬೇರೆ, ಪಿಸ್ತೂಲಿನ .32 ತೋಟೆಯೇ ಬೇರೆ. ನಂಬರು ಒಂದೇ ಎಂದು ಬದಲಾಯಿಸಿ ಹಾಕುವಂತಿಲ್ಲ. ಇದಕ್ಕಿಂತ ಹೆಚ್ಚು ಮಾದರಿಯ ಬಗ್ಗೆ ನಾನು ಹೇಳುವುದಿಲ್ಲ, ಯಾಕೆಂದರೆ ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ.

ನಿಮ್ಮನ್ನು ದೋಚುವವನಿಗೆ ನೀವು ಗೊತ್ತುಂಟು. ನೀವು ಹೊರಡುವ ಹೊತ್ತು, ಬರುವ ತಿರುವು, ಚೀಲದ ಬಣ್ಣ ಎಲ್ಲ ಗೊತ್ತುಂಟು. ಅವನು ಹಿಂದಿನಿಂದ ಬರುತ್ತಾನೆ, ಆಗ ನಿಮ್ಮ ಎರಡು ಕೈಯೂ ಹ್ಯಾಂಡಲಿನಲ್ಲಿ. ಡೆನ್ನಿಸ್ ಟ್ಯೂಲರ್ ಎಂಬ ಅಮೆರಿಕದ ಪೊಲೀಸ್ ಅಧಿಕಾರಿ 1983ರಲ್ಲಿ ಬರೆದ ಲೆಕ್ಕ ಒಂದುಂಟು: ಚೂರಿ ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ. ಕಲಿತ ಪೊಲೀಸರಿಗೂ ಆಯುಧ ತೆಗೆದು ಗುರಿ ಇಡಲಿಕ್ಕೆ ಅಷ್ಟೇ ಹೊತ್ತು ಬೇಕು. 2014ರಲ್ಲಿ ನನ್ನ ಮೈಮೇಲೆ ಬಂದವನು ಆರು ಅಡಿಯಲ್ಲಿದ್ದ. ಅಭ್ಯಾಸವಾದರೂ ಎಲ್ಲಿ ಮಾಡುತ್ತೀರಿ? ಅಂಗಳದಲ್ಲಿ ಎಳನೀರಿನ ಬೊಂಡಕ್ಕೆ ಗುರಿ ಇಟ್ಟು ಹೊಡೆಯುವಂತಿಲ್ಲ.

ಹೊಡೆದಿರಿ ಎಂದೇ ಇಟ್ಟುಕೊಳ್ಳಿ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿ ಉಂಟು. ಅವನು ಚೂರಿ ಎತ್ತಿ ಮೈಮೇಲೆ ಬರುವಾಗ ಆ ಹಕ್ಕು ದೊಡ್ಡದು, ಪ್ರಾಣ ತೆಗೆಯುವವರೆಗೂ ಹೋಗುತ್ತದೆ. ಚೀಲ ಕಸಿದುಕೊಂಡು ಓಡುತ್ತಿರುವವನ ಬೆನ್ನಿಗೆ ಹೊಡೆದರೆ, ಜೀವಭಯ ಮುಗಿದಲ್ಲಿಗೆ ಆ ಹಕ್ಕೂ ಮುಗಿದಿತ್ತು ಎಂದು ಸರಕಾರಿ ವಕೀಲರು ಹೇಳುತ್ತಾರೆ. ಕತ್ತಲಲ್ಲಿ ಆ ಎರಡರ ನಡುವೆ ಎಷ್ಟು ಹೊತ್ತು ಇರುತ್ತದೆ, ನೀವೇ ಯೋಚಿಸಿ.

ರಿವಾಲ್ವರ್ ಹೋದ ಮೇಲೆ ನಾನು ಮಾಡಿದ್ದು ಹೇಳಿಕೊಳ್ಳುವಂಥ ಸಾಹಸವೇನಲ್ಲ. ಕೃಷಿಕರಲ್ಲಿ ಹೆಚ್ಚಿನವರಿಗೆ ಬ್ಯಾಂಕಿನ ಮೂಲಕವೇ ಹಾಕುತ್ತೇನೆ. ಮೊದಮೊದಲು ಕೆಲವರು ಮುಖ ತಿರುಗಿಸಿದರು, ಇಬ್ಬರು ಬೇರೆ ವ್ಯಾಪಾರಿ ಹಿಡಿದರು, ಹೋಗಲಿ. 2017ರಿಂದ ಒಬ್ಬನಿಂದ ಒಂದು ದಿನ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು, ಹಾಗಾಗಿ ನೀವು ಹೊರುತ್ತಿರುವ ಚೀಲಕ್ಕೆ ಕಳ್ಳ ಒಬ್ಬನೇ ಅಪಾಯ ಅಲ್ಲ. ಉಳಿದ ನಗದನ್ನು ಹಗಲು ಹನ್ನೊಂದರೊಳಗೆ, ಜೀಪಿನಲ್ಲಿ, ಇಬ್ಬರಾಗಿ ತರುತ್ತೇವೆ. ವಾರ ಬದಲಾಗುತ್ತದೆ, ದಾರಿ ಬದಲಾಗುತ್ತದೆ. ಕಿಸೆಯಲ್ಲಿ ಪೆಪ್ಪರ್ ಸ್ಪ್ರೇ, ಅದಕ್ಕೆ ಲೈಸನ್ಸ್ ಬೇಡ. ಯಾರಾದರೂ ಅಡ್ಡ ಹಾಕಿದರೆ ಚೀಲ ರಸ್ತೆಯ ಆ ಬದಿಗೆ ಎಸೆದು ಈ ಬದಿಗೆ ಓಡುವುದು ಎಂದು ನಮ್ಮೊಳಗೆ ಮಾತಾಗಿದೆ.

ಕೊನೆಯಲ್ಲಿ, ಮಾವನವರ ಹಳೆಯ ಒಂಟಿನಳಿಗೆ ಬೆಡಿ ಮನೆಯಲ್ಲುಂಟು, ರಿವಾಲ್ವರ್ ಸಿಗುವವರೆಗೆ ಅದನ್ನು ಜೀಪಿನಲ್ಲಿಟ್ಟುಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಕೂಡದು. ಅದು ಹಂದಿ, ಮಂಗಕ್ಕೆಂದು ಅವರ ಹೆಸರಿನಲ್ಲಿ ಕೊಟ್ಟ ಬೆಳೆರಕ್ಷಣೆಯ ಲೈಸನ್ಸ್, ನಿಮ್ಮದಲ್ಲ. ಅವರು ತೀರಿಕೊಂಡು ಎಂಟು ತಿಂಗಳಾಯಿತು ಎಂದು ನೀವೇ ಬರೆದಿದ್ದೀರಿ. ಅಂಥ ಆಯುಧವನ್ನು ತಡಮಾಡದೆ ಸ್ಟೇಷನ್ನಿಗೋ ಪರವಾನಗಿಯ ಅಂಗಡಿಗೋ ಒಪ್ಪಿಸಬೇಕು ಎಂದು ಕಾಯಿದೆಯ 21ನೇ ಕಲಂ ಹೇಳುತ್ತದೆ. ವಾರಸುದಾರರು ಆಮೇಲೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. ಈಗ ಅದು ನಿಮ್ಮ ಅಟ್ಟದ ಮೇಲೆ ಇರುವುದೇ ಕೇಸು. ನಾಳೆ ಬೆಳಿಗ್ಗೆ ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ತರುತ್ತೇನೆ ಎಂದು ಹೇಳಿ, ಹೇಗೆ ತರಬೇಕು ಎಂದು ಕೇಳಿ. ಮರಣ ಪತ್ರ, ಹಳೆಯ ಲೈಸನ್ಸ್, ಉಳಿದ ತೋಟೆಗಳ ಎಣಿಕೆ ಜೊತೆಗಿರಲಿ. ಬೆಡಿಯ ನಂಬರು ಬರೆದ ರಶೀದಿ ಕೈಗೆ ಸಿಗದೆ ಅಲ್ಲಿಂದ ಏಳಬೇಡಿ. ಮತ್ತೆ, ಪೆಟ್ರೋಲಿಗೆ ಆಚೆ ಕ್ರಯ ಕಡಿಮೆ ಎಂದು ಆ ಬೆಡಿಯನ್ನು ಜೀಪಿನಲ್ಲಿಟ್ಟುಕೊಂಡೇ ಸಾರಡ್ಕಕ್ಕೆ ಹೋಗಿ ಬರಬೇಡಿ.