ಓದುಗರ ಪ್ರಶ್ನೆ: ಟ್ರಂಕಿನಲ್ಲಿ ಸಿಕ್ಕ ವಿಶ್ವಮೇಳದ ವಸ್ತುಗಳು

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಕೊಲಂಬಸ್ ಮುಖದ 1893ರ ಬೆಳ್ಳಿ ನಾಣ್ಯ ಸಿಕ್ಕಿದೆ. ಹಿಂಬದಿಯಲ್ಲಿ ಹಡಗಿದೆ. ವಿವೇಕಾನಂದರು ಹೋಗಿದ್ದ ಷಿಕಾಗೊ ಮೇಳದ್ದು, ಲಕ್ಷಗಟ್ಟಲೆ ಬಾಳುತ್ತೆ ಅಂತಾರೆ. ಕಪ್ಪಾಗಿದೆ, ವಿಭೂತಿ ಹಾಕಿ ತಿಕ್ಕಲೇ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತಿಕ್ಕಬೇಡಿ. ವಿಭೂತಿ, ಹುಣಸೆಹಣ್ಣು, ಪಾತ್ರೆ ಪುಡಿ ಯಾವುದೂ ಬೇಡ. ಆ ಕಪ್ಪು, ಗಾಳಿಯ ಗಂಧಕ ತಾಗಿ ಬೆಳ್ಳಿಯ ಮೇಲೆ ಕೂತ ತೆಳು ಪದರ, ಅಷ್ಟೇ. ತಿಕ್ಕಿದಾಗ ಬೀಳುವ ಗೀರುಗಳು ಮಾತ್ರ ಮತ್ತೆ ಹೋಗುವುದಿಲ್ಲ. ಬಲ್ಲ ಸಂಗ್ರಾಹಕರು ಹೊಳೆಯುವ ಹಳೇ ನಾಣ್ಯ ಕಂಡರೆ ಮೊದಲು ಅನುಮಾನಪಡುತ್ತಾರೆ.

ಇದು ಅಮೆರಿಕದ ಅರ್ಧ ಡಾಲರ್. ಮೇಳದಲ್ಲಿ ಒಂದು ಡಾಲರಿಗೆ ಮಾರಿದರು. 1893ರ ಇಸವಿಯವು 40 ಲಕ್ಷ ಅಚ್ಚಾದವು. ಖರ್ಚಾಗದೆ ಉಳಿದ ಸುಮಾರು 25 ಲಕ್ಷವನ್ನು ಕರಗಿಸಿದರು, ಒಂದಷ್ಟನ್ನು ಚಲಾವಣೆಗೇ ಬಿಟ್ಟರು. ಹಾಗಾಗಿ ಸವೆದ ನಾಣ್ಯ ಅಪರೂಪವಲ್ಲ, ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಸಿಕ್ಕೀತು. ವಿವೇಕಾನಂದರ ಸರ್ವಧರ್ಮ ಸಮ್ಮೇಳನ ಈ ಮೇಳದ ಜೊತೆಗೇ ನಡೆದದ್ದು ನಿಜ, ಆದರೆ ಮೇಳದ ಮೈದಾನದಲ್ಲಲ್ಲ. ಅವರ ಹೆಸರು ಹೇಳಿ ಬೆಲೆ ಏರಿಸುವುದು ವ್ಯಾಪಾರದ ಮಾತು.

ಅಸಲಿಯೋ ಎಂದು ನೋಡಲು ಚಿನಿವಾರರ ಅಂಗಡಿಯ ತಕ್ಕಡಿ ಸಾಕು. ತೂಕ 12.5 ಗ್ರಾಂ, ಸವೆದಿದ್ದರೆ ತುಸು ಕಡಿಮೆ, ಅಡ್ಡಳತೆ 30.6 ಮಿ.ಮೀ. ಅಯಸ್ಕಾಂತ ಹಿಡಿಯಬಾರದು. ಆದರೆ ಹಿತ್ತಾಳೆಯನ್ನೂ ಅದು ಹಿಡಿಯುವುದಿಲ್ಲವಾದ್ದರಿಂದ ಅಷ್ಟಕ್ಕೇ ನಂಬಬೇಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿಸಿ, ನಾಣ್ಯವನ್ನು ದಾರದಲ್ಲಿ ಇಳಿಬಿಟ್ಟು ಪೂರ್ತಿ ಮುಳುಗಿಸಿ. ತಳಕ್ಕೆ, ಪಕ್ಕಕ್ಕೆ ತಾಗಕೂಡದು. ಶೇ. 90 ಬೆಳ್ಳಿಯಾದರೆ ಸುಮಾರು 1.2 ಗ್ರಾಂ ತೋರಿಸುತ್ತದೆ. 1.4 ದಾಟಿದರೆ ಮೇಲೆ ಬೆಳ್ಳಿ ನೀರು, ಒಳಗೆ ಬೇರೆ ಲೋಹ.

ಮಾರುವುದಾದರೆ ವಿದೇಶಕ್ಕೆ ಮಾತ್ರ ಕಳಿಸಬೇಡಿ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಪ್ರಶ್ನೆ: 1970ರ ಒಸಾಕಾ ಮೇಳದ ಟಿಕೆಟ್, ನಕ್ಷೆ, 100 ಯೆನ್ ನಾಣ್ಯ ನಮ್ಮಲ್ಲಿವೆ. ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬಹುದೆ?
– ಚಿತ್ರದುರ್ಗದಿಂದ ಒಬ್ಬರು

ಉತ್ತರ: ಮಾಡಿಸಿದ ದಿನವೇ ಸಂಗ್ರಾಹಕರ ಪಾಲಿಗೆ ಅದು ಸತ್ತಂತೆ. ಬಿಸಿಗೆ ಕರಗಿದ ಅಂಟು ಕಾಗದದ ಎಳೆಗೆ ಇಳಿದರೆ ಬಿಡಿಸಲಾಗದು. ಅಂಟುಹಾಳೆಯ ಮದುವೆ ಆಲ್ಬಮ್ಮೂ ಬೇಡ. ದುರ್ಗದ ಏಪ್ರಿಲ್ ಬಿಸಿಲಿಗೆ ಆ ಅಂಟು ಒಸರಿ ಹಳದಿ ಗೆರೆ ಮೂಡುತ್ತದೆ. ಪಾಲಿಯೆಸ್ಟರ್ ಲಕೋಟೆಯಲ್ಲಿ ಹಾಕಿ, ಸ್ಟೀಲ್ ಬೀರುವಿನ ನಡುಹಲಗೆಯಲ್ಲಿಡಿ. ತಗಡಿನ ಚಾವಣಿಯ ಕೆಳಗಿನ ಅಟ್ಟ ಬೇಡವೇ ಬೇಡ.

ನಾಣ್ಯ ತಾಮ್ರ-ನಿಕ್ಕಲ್ ಮಿಶ್ರಣದ್ದು, 4 ಕೋಟಿ ಅಚ್ಚಾಗಿವೆ, ನೆನಪಿಗೆ ಇಟ್ಟುಕೊಳ್ಳಿ. ಮೆತ್ತನೆಯ ಪಿವಿಸಿ ಪಾಕೆಟಿನಲ್ಲಿದ್ದರೆ ಈಗಲೇ ತೆಗೆಯಿರಿ, ಇಲ್ಲದಿದ್ದರೆ ಹಸಿರು ಜಿಗಟು ಕೂರುತ್ತದೆ. ಕೂತಿದ್ದರೆ ಶುದ್ಧ ಅಸಿಟೋನಿನಲ್ಲಿ ಕೆಲವು ನಿಮಿಷ ನೆನೆಸಿ, ಒರೆಸದೆ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಉಗುರು ಬಣ್ಣ ತೆಗೆಯುವ ದ್ರಾವಣದಲ್ಲಿ ಎಣ್ಣೆ, ಬಣ್ಣ ಬೆರೆತಿರುತ್ತವೆ, ಅದು ಬೇಡ.

ಪ್ರಶ್ನೆ: 1904ರ ಸೇಂಟ್ ಲೂಯಿ ಮೇಳದ ಪೋಸ್ಟ್‌ಕಾರ್ಡ್ ಅಸಲಿಯೇ?
– ಹಿರಿಯೂರಿನ ಓದುಗರು

ಉತ್ತರ: ವಿಳಾಸದ ಬದಿ ತಿರುಗಿಸಿ. ಬರಹಕ್ಕೊಂದು, ವಿಳಾಸಕ್ಕೊಂದು ಎಂದು ನಡುವೆ ಗೆರೆ ಎಳೆದಿದ್ದರೆ ಅದು ಮೇಳದ ಕಾಲದ ಅಮೆರಿಕದ ಕಾರ್ಡ್ ಅಲ್ಲ. ಅಲ್ಲಿ ಆ ಗೆರೆಗೆ ಅನುಮತಿ ಸಿಕ್ಕಿದ್ದು 1907ರಲ್ಲಿ.