‘ಮತ್ತೆ ಹೋದರೆ ಬೈತಾರೇನೋ’

ಅರಸೀಕೆರೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ನನಗೀಗ 30 ವಾರ. ಎರಡನೇ ಬಸಿರು. ಮೊದಲ ಮಗಳಿಗೆ ಮೂರು ವರ್ಷ, ಅವಳು ದಿನ ತುಂಬಿಯೇ ಹುಟ್ಟಿದ್ದು. ಹದಿನೈದು ದಿನದಿಂದ ಸಂಜೆ ಹೊತ್ತು ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಆಮೇಲೆ ತಾನೇ ಸಡಿಲವಾಗುತ್ತೆ. ಕೆಲವು ದಿನ ಎರಡು ಸಲ, ಕೆಲವು ದಿನ ಏಳೆಂಟು ಸಲ. ಮೊದಲನೇದರಲ್ಲಿ ಇಷ್ಟು ಬೇಗ ಹೀಗಾಗಿರಲಿಲ್ಲ. ಅತ್ತೆ ‘ಅದು ಸುಳ್ಳು ನೋವು, ಎರಡನೇದಕ್ಕೆ ಇದೆಲ್ಲ ಇದ್ದದ್ದೇ’ ಅಂತಾರೆ. ಅಮ್ಮ ಫೋನಲ್ಲಿ ‘ಮಂಚ ಬಿಟ್ಟು ಇಳೀಬೇಡ’ ಅಂತಾರೆ. ಪಕ್ಕದ ಮನೆಯವರು ‘ಏಳರಲ್ಲಿ ಹುಟ್ಟಿದ್ರೆ ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ರೆ ಉಳಿಯಲ್ಲ’ ಅಂದು ಹೋದರು. ಅವತ್ತಿಂದ ನಿದ್ದೆ ಇಲ್ಲ. ಒಂದು ಸಲ ಆಸ್ಪತ್ರೆಗೆ ಹೋಗಿದ್ದೆ, ಏನೂ ಇಲ್ಲ ಅಂತ ಕಳಿಸಿದರು. ಮತ್ತೆ ಹೋದರೆ ಬೈತಾರೇನೋ. ಮನೆಯವರು ಬೆಂಗಳೂರಲ್ಲಿದ್ದಾರೆ, ವಾರಕ್ಕೊಮ್ಮೆ ಬರೋದು. ಮಗಳನ್ನ ಎತ್ತಿಕೊಳ್ಳಬಹುದಾ ಅನ್ನೋದನ್ನೂ ತಿಳಿಸಿ.”

ನಮ್ಮದು ಮಾಸಪತ್ರಿಕೆ. ಪತ್ರ ಬಂದು ಉತ್ತರ ಅಚ್ಚಾಗುವ ಹೊತ್ತಿಗೆ ಐದಾರು ವಾರ ಕಳೆದಿರುತ್ತದೆ. ಬಸುರಿಯನ್ನು ಅಷ್ಟು ದಿನ ಕಾಯಿಸುವ ಹಾಗಿಲ್ಲ. ಅದಕ್ಕೇ ಪತ್ರ ಓದಿದ ಮಧ್ಯಾಹ್ನವೇ ನಿಮಗೆ ಫೋನ್ ಮಾಡಿದೆ, ಇವತ್ತೇ ಹೋಗಿ ತೋರಿಸಿಕೊಳ್ಳಿ ಅಂದೆ. ನೀವು ಹೋದಿರಿ. ಏನಾಯಿತು ಅನ್ನುವುದನ್ನು ಆಮೇಲೆ ಬರೆಯುತ್ತೇನೆ. ಇದೇ ಪ್ರಶ್ನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸುಮ್ಮನೆ ಕೂತಿರುವ ಎಷ್ಟೋ ಜನ ಇದ್ದಾರೆ ಅಲ್ವಾ, ನಿಮ್ಮ ಒಪ್ಪಿಗೆ ಪಡೆದು ಈ ಉತ್ತರವನ್ನು ಅವರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಹೆರಿಗೆ ಡಾಕ್ಟರ್ ಆಗಿರುವ ಗೆಳತಿಯ ಕೈಯಲ್ಲಿ ತಿದ್ದಿಸಿಯೇ ಅಚ್ಚಿಗೆ ಕೊಟ್ಟಿದ್ದೇನೆ.

ಮೊದಲು ಆ ‘ಸುಳ್ಳು ನೋವು’. ಪ್ರೂಫ್ ತಿದ್ದುವಾಗ ಈ ಮಾತು ಕಂಡರೆ ನನ್ನ ಪೆನ್ನು ನಿಲ್ಲುತ್ತದೆ. ನೋವು ಸುಳ್ಳು ಅಂದ ತಕ್ಷಣ ನೋವು ಅಂದವಳೂ ಸುಳ್ಳಿ ಆಗಿಬಿಡುತ್ತಾಳೆ. ನಿಮ್ಮ ಹೊಟ್ಟೆ ಗಟ್ಟಿಯಾಗಿದ್ದು ನಿಜ. ಗರ್ಭಕೋಶ ಅನ್ನುವುದು ಒಂದು ದೊಡ್ಡ ಸ್ನಾಯುವಿನ ಚೀಲ. ಅದು ತಿಂಗಳುಗಟ್ಟಲೆ ಆಗಾಗ ಬಿಗಿದು ಸಡಿಲವಾಗುತ್ತಲೇ ಇರುತ್ತದೆ. ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ 1872ರಲ್ಲಿ ಇದನ್ನು ವಿವರಿಸಿ ಬರೆದ. ಡಾಕ್ಟರುಗಳು ಇವತ್ತಿಗೂ ಇದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ಅಜ್ಜಿಯರಿಗೆ ಅವನಿಗಿಂತ ಮುಂಚೆಯೇ ಗೊತ್ತಿತ್ತು ಬಿಡಿ.

ಎರಡನೇ ಬಸಿರಿನಲ್ಲಿ ಇದು ಬೇಗ ಗೊತ್ತಾಗುತ್ತದೆ ಅನ್ನುವುದರಲ್ಲಿ ನಿಮ್ಮ ಅತ್ತೆಯ ಮಾತು ಸರಿ. ಒಮ್ಮೆ ಹಿಗ್ಗಿದ ಹೊಟ್ಟೆ, ಮುಂದಿನ ಗೋಡೆಯ ಬಿಗಿ ಕಡಿಮೆಯಾಗಿರುತ್ತದೆ. ಜೊತೆಗೆ ಆ ಬಿಗಿತದ ಗುರುತೂ ನಿಮಗೆ ಸಿಕ್ಕಿರುತ್ತದೆ. ಚೊಚ್ಚಲಲ್ಲಿ ಗ್ಯಾಸು ಅಂದುಕೊಂಡದ್ದನ್ನೇ ಈ ಸಲ ಇದು ಅದೇ ಅಂತ ಹಿಡಿಯುತ್ತೀರಿ. ಉಚ್ಚೆ ಕಟ್ಟಿಕೊಂಡು ಕೂತರೆ, ನೀರು ಕುಡಿಯದೆ ಬಿಸಿಲಲ್ಲಿ ಓಡಾಡಿದರೆ, ದಿನವಿಡೀ ನಿಂತು ಕೆಲಸ ಮಾಡಿದರೆ ಜಾಸ್ತಿಯಾಗುತ್ತದೆ. ನಿಮಗೆ ಸಂಜೆಯೇ ಬರುವುದು ಯಾಕೆ ಅಂದಾಗ ನೀವೇ ಹೇಳಿದಿರಿ, ನಾಲ್ಕು ಗಂಟೆಗೆ ನಲ್ಲಿ ಬಿಡುತ್ತಾರೆ, ಇಪ್ಪತ್ತು ಕೊಡ ಹಿಡಿದಿಡಬೇಕು ಅಂತ. ಆ ಕೊಡಗಳನ್ನು ಬೇರೆ ಯಾರಾದರೂ ಹೊರಲಿ.

ಅತ್ತೆಯ ಮಾತು ಸರಿಯಿಲ್ಲದ್ದು ಎಲ್ಲಿ ಅಂದರೆ, ‘ಇದ್ದದ್ದೇ’ ಅಂದುಕೊಂಡು ಎಣಿಸದೆ ಬಿಡುವುದರಲ್ಲಿ. ಸುಮ್ಮನೆ ಬರುವ ಬಿಗಿತಕ್ಕೆ ಲೆಕ್ಕ ಇರುವುದಿಲ್ಲ. ಒಂದು ಬರುತ್ತದೆ, ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು, ಆಮೇಲೆ ಮಾಯ. ಹೆರಿಗೆಯ ಕಡೆ ಹೊರಟ ನೋವು ಹತ್ತಿರ ಹತ್ತಿರ ಬರುತ್ತದೆ, ಬಲವಾಗುತ್ತ ಹೋಗುತ್ತದೆ, ಸೊಂಟದಿಂದ ಮುಂದಕ್ಕೆ ಸುತ್ತಿಕೊಳ್ಳುತ್ತದೆ. ಆದರೆ ದಿನ ತುಂಬುವ ಮುಂಚೆ ಬರುವ ಹೆರಿಗೆ ನೋವು ಎಷ್ಟೋ ಸಲ ಇಷ್ಟು ಸ್ಪಷ್ಟವಾಗಿ ಇರುವುದೇ ಇಲ್ಲ. ಮುಟ್ಟಿನ ನೋವಿನ ಥರ ಕಿಬ್ಬೊಟ್ಟೆ ಮಂದವಾಗಿ ಎಳೆಯುತ್ತದೆ, ಸೊಂಟ ಹಿಡಿದ ಹಾಗಿರುತ್ತದೆ, ಮಗು ಕೆಳಗೆ ಒತ್ತಿದ ಹಾಗೆ ಅನ್ನಿಸುತ್ತದೆ. ಅಷ್ಟೆ.

ಎಣಿಸುವುದು ಹೀಗೆ. ಮೊದಲು ಉಚ್ಚೆಗೆ ಹೋಗಿ ಬನ್ನಿ. ಎರಡು ಲೋಟ ನೀರು ಕುಡಿದು ಎಡ ಮಗ್ಗುಲಾಗಿ ಮಲಗಿ, ಬೆರಳುಗಳನ್ನು ಹೊಕ್ಕುಳಿನ ಮೇಲ್ಭಾಗಕ್ಕೆ ಇಡಿ. ನನಗೆ ಒಬ್ಬ ಹಿರಿಯ ನರ್ಸಮ್ಮ ಕಲಿಸಿದ್ದು: ಒತ್ತಿದರೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಕಡಿಮೆ ಬಿಗಿ, ಗದ್ದದಷ್ಟು ಇದ್ದರೆ ಮಧ್ಯಮ, ಹಣೆಯಷ್ಟು ಗಟ್ಟಿಯಿದ್ದರೆ ಜೋರು. ಬಿಗಿತ ಶುರುವಾದ ಗಂಟೆ ಬರೆದಿಡಿ. ಮುಂದಿನದು ಶುರುವಾದದ್ದನ್ನೂ ಬರೆಯಿರಿ. ಬಹಳ ಜನ ಒಂದು ನಿಂತಾಗಿನಿಂದ ಇನ್ನೊಂದು ಶುರುವಾಗುವವರೆಗೆ ಎಣಿಸುತ್ತಾರೆ, ಅದು ತಪ್ಪು. ಶುರುವಿನಿಂದ ಶುರುವಿಗೆ ಲೆಕ್ಕ. 37 ವಾರ ತುಂಬುವ ಮುಂಚೆ ಒಂದು ಗಂಟೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಬಂದರೆ ಹೊರಡಿ. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ, ಜ್ವರ ಇದ್ದರೆ ಗಂಟೆ ಎಣಿಸುವ ಕೆಲಸವೇ ಬೇಡ, ಆಗಲೇ ಹೊರಡಿ. ನೀರು ಹೋಗುವುದು ಅಂದರೆ ಸಿನಿಮಾದ ಹಾಗೆ ನೆಲವೆಲ್ಲ ಒದ್ದೆಯಾಗಬೇಕು ಅಂತಿಲ್ಲ. ಸ್ವಲ್ಪ ಸ್ವಲ್ಪವೇ ಜಿನುಗಿ ಬಟ್ಟೆ ತೇವವಾಗುತ್ತಿದ್ದರೂ ಸಾಕು.

ಈ ‘ಮತ್ತೆ ಹೋದರೆ ಬೈತಾರೇನೋ’ ಅನ್ನುವ ಸಾಲಿಗೆ ನಾನು ಬಹಳ ಹೊತ್ತು ನಿಂತೆ. ಅದಕ್ಕೆ ಕಾರಣ ಇದೆ.

ಹತ್ತೊಂಬತ್ತು ವರ್ಷದ ಹಿಂದೆ ನನಗೂ ಎರಡನೆಯದು, 32 ವಾರ. ದೀಪಾವಳಿ ವಿಶೇಷಾಂಕದ ಕೆಲಸ. ಒಂದು ರಾತ್ರಿ ಹೊಟ್ಟೆ ಪದೇ ಪದೇ ಬಿಗಿಯಿತು ಅಂತ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ನೋಡಿ, ಏನೂ ಇಲ್ಲ ಅಂದರು. ಬಾಗಿಲು ದಾಟುವಾಗ ಡ್ಯೂಟಿಯಲ್ಲಿದ್ದವರೊಬ್ಬರು ಹಿಂದಿನಿಂದ ಅಂದರು, “ಎರಡನೇದು ಆದ್ರೂ ಗೊತ್ತಾಗಲ್ವೇನಮ್ಮಾ ನಿಂಗೆ?” ಅಷ್ಟೇ. ಬೈಗುಳವೂ ಅಲ್ಲ. ವಾರ ಬಿಟ್ಟು ಮತ್ತೆ ಶುರುವಾದಾಗ ಆ ಮಾತು ನನ್ನನ್ನು ಮನೆಯಲ್ಲೇ ಕೂರಿಸಿತು. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇತ್ತು, ದಾರಕ್ಕೆ ಕಟ್ಟಿದ ಪೆನ್ಸಿಲ್ ಸಮೇತ. ಅದರಲ್ಲೇ ಗುರುತು ಹಾಕಿಕೊಂಡೆ. 7.10, 7.24, 7.35, 7.45. ‘ಅರ್ಧ ಲೀ.’ ಅನ್ನುವುದರ ಪಕ್ಕದಲ್ಲಿ ಈ ಅಂಕಿಗಳು. ಹತ್ತು ಗಂಟೆಯವರೆಗೂ ಬರೆಯುತ್ತಲೇ ಇದ್ದೆ, ಹೊರಡಲಿಲ್ಲ. ಲೆಕ್ಕ ಗೊತ್ತಿದ್ದೂ ಹೊರಡಲಿಲ್ಲ. ಆಗಿನ್ನೂ 108 ಬಂದಿರಲಿಲ್ಲ, ಕೊನೆಗೆ ಎದುರು ಮನೆಯವರ ಕಾರಿನಲ್ಲಿ ಆಸ್ಪತ್ರೆ ಸೇರಿದಾಗ ಗರ್ಭಕೋಶದ ಬಾಯಿ ಆಗಲೇ ಅರ್ಧ ತೆರೆದಿತ್ತು. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ಒಂದು ಸೂಜಿ ಕೊಟ್ಟರು. ಎರಡನೆಯದಕ್ಕೆ ಹೊತ್ತು ಇರಲಿಲ್ಲ. ಮಗಳು ಹದಿನಾರು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಎತ್ತರ.

ಆ ಸೂಜಿಯ ಕಥೆ ಹೇಳಲೇಬೇಕು. ಬೇಗ ಹೋಗಿ ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ ಅನ್ನುವುದು ಅದರಲ್ಲೇ ಇದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಅನ್ನುವ ವೈದ್ಯರು ಹೆರಿಗೆ ಹೇಗೆ ಶುರುವಾಗುತ್ತದೆ ಅಂತ ಕುರಿಗಳ ಮೇಲೆ ಅಧ್ಯಯನ ಮಾಡುತ್ತಿದ್ದರು. ಗಬ್ಬದ ಕುರಿಯ ಹೊಟ್ಟೆಯಲ್ಲಿರುವ ಮರಿಗೆ ಸ್ಟೀರಾಯ್ಡ್ ಕೊಟ್ಟಿದ್ದರು. ಬಹಳ ಬೇಗ ಹುಟ್ಟಿದ ಒಂದು ಮರಿ, ಲೆಕ್ಕದ ಪ್ರಕಾರ ಉಸಿರಾಡಲೇ ಬಾರದಿತ್ತು, ಉಸಿರಾಡುತ್ತಿತ್ತು. ಶ್ವಾಸಕೋಶ ವಯಸ್ಸಿಗೆ ಮೀರಿ ಬಲಿತಿತ್ತು. ಅಲ್ಲಿಂದ ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಇಬ್ಬರೂ ಇದನ್ನು ಬಸುರಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಬಡ ದೇಶಗಳಲ್ಲೂ ಇದು ಕೆಲಸ ಮಾಡುತ್ತದಾ ಅನ್ನುವ ಅನುಮಾನ ಬಹಳ ವರ್ಷ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನದ 29 ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಸಿ 2020ರಲ್ಲಿ ಹೌದು ಅಂದಿತು. ನಮ್ಮ ಬೆಳಗಾವಿಯ ವೈದ್ಯರೂ ಅದರಲ್ಲಿದ್ದರು.

ನಮ್ಮಲ್ಲಿ ಕೊಡುವುದು ಹೆಚ್ಚಾಗಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್. ಅಗ್ಗದ ಔಷಧ. 12 ಗಂಟೆಗೊಂದರಂತೆ ನಾಲ್ಕು ಸೂಜಿ. ಪೂರ್ತಿ ಗುಣ ಸಿಗಬೇಕಾದರೆ ಮೊದಲನೆಯದು ಬಿದ್ದು ಒಂದು ದಿನವಾದರೂ ಕಳೆಯಬೇಕು. ಗರ್ಭಕೋಶದ ಬಿಗಿತ ತಡೆಯಲು ಕೊಡುವ ಮಾತ್ರೆಗಳಿವೆಯಲ್ಲ, ಅವು ಹೆರಿಗೆಯನ್ನು ತಿಂಗಳುಗಟ್ಟಲೆ ಮುಂದಕ್ಕೆ ಹಾಕುವುದಿಲ್ಲ. ಒಂದೆರಡು ದಿನ ತಡೆದು ಈ ಸೂಜಿಗೆ, ದೊಡ್ಡ ಆಸ್ಪತ್ರೆಗೆ ಹೋಗುವುದಕ್ಕೆ ಹೊತ್ತು ಕೊಡುತ್ತವೆ. ಬಾಯಿ ಅರ್ಧ ತೆರೆದ ಮೇಲೆ ಬಂದವರಿಗೆ ಆ ಹೊತ್ತೂ ಸಿಗುವುದಿಲ್ಲ. ಅದರಲ್ಲೂ ಚೊಚ್ಚಲಲ್ಲಿ ಗರ್ಭಕೋಶದ ಬಾಯಿ ಮೊದಲು ತೆಳ್ಳಗಾಗಿ ಆಮೇಲೆ ತೆರೆಯುತ್ತದೆ, ಎರಡನೆಯದರಲ್ಲಿ ಎರಡೂ ಒಟ್ಟಿಗೇ ನಡೆದುಹೋಗುತ್ತವೆ. ಮೊದಲ ಸಲ ಹದಿನಾಲ್ಕು ಗಂಟೆ ಒದ್ದಾಡಿದ್ದೆ, ಈ ಸಲವೂ ಬೇಕಾದಷ್ಟು ಹೊತ್ತಿದೆ ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಹಾಗಂತ ಇದು ಹೆದರಿ ಎಲ್ಲರೂ ತೆಗೆದುಕೊಳ್ಳುವ ಸೂಜಿ ಅಲ್ಲ. ಬೇಕೋ ಬೇಡವೋ ಅನ್ನುವುದನ್ನು ನೋಡಿಯೇ ಹೇಳಬೇಕು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಬಾಯಿಯ ಉದ್ದ ಅಳೆಯುತ್ತಾರೆ, ಮೂತ್ರ ಪರೀಕ್ಷೆ ಮಾಡುತ್ತಾರೆ. ನೋವು ಅಂತ ದಾಖಲಾದವರಲ್ಲೂ ಸುಮಾರು ಅರ್ಧದಷ್ಟು ಜನ ಆಮೇಲೆ ದಿನ ತುಂಬಿಯೇ ಹೆರುತ್ತಾರೆ. ಅಂದಮೇಲೆ ‘ಏನೂ ಇಲ್ಲ, ಹೋಗಿ’ ಅನ್ನಿಸಿಕೊಂಡು ವಾಪಸ್ ಬರುವುದು ಬಹಳ ಸಾಮಾನ್ಯ. ಅವತ್ತು ಏನೂ ಇರಲಿಲ್ಲ ಅನ್ನುವುದು ಅವತ್ತಿನ ಮಾತು, ಮುಂದಿನ ವಾರದ್ದಲ್ಲ. ಯಾರಾದರೂ ಗೊಣಗಿದರೆ ಗೊಣಗಲಿ. ಬರೆದಿಟ್ಟ ಗಂಟೆಗಳ ಚೀಟಿ ಕೈಯಲ್ಲಿದ್ದರೆ ಗೊಣಗುವವರೂ ಕಡಿಮೆ.

ಏಳು-ಎಂಟರ ಮಾತು. ಇದು ಶುದ್ಧ ತಪ್ಪು. ನಮ್ಮ ಊರಿನದೇ ಮೂಢನಂಬಿಕೆ ಅಂದುಕೊಳ್ಳಬೇಡಿ, ಎಂಟು ತಿಂಗಳ ಮಗು ಉಳಿಯುವುದಿಲ್ಲ ಅಂತ ಹಳೇ ಗ್ರೀಕರೂ ಬರೆದಿಟ್ಟಿದ್ದಾರೆ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. 34 ವಾರದ ಮಗು 30 ವಾರದ ಮಗುವಿಗಿಂತ ಗಟ್ಟಿ. ಪಕ್ಕದ ಮನೆಯವರಿಗೆ ಈ ಪುಟ ಓದಲು ಕೊಡಿ.

ಅಮ್ಮನ ‘ಮಂಚ ಬಿಟ್ಟು ಇಳೀಬೇಡ’ಕ್ಕೂ ಆಧಾರವಿಲ್ಲ. ಪೂರ್ತಿ ಮಲಗಿಬಿಟ್ಟರೆ ಅವಧಿಗೆ ಮುಂಚಿನ ಹೆರಿಗೆ ನಿಲ್ಲುತ್ತದೆ ಅನ್ನುವುದು ಸಾಬೀತಾಗಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಜಾಸ್ತಿಯಾಗುತ್ತದೆ. ದಣಿವಾದಾಗ ಮಲಗಿ, ಮನೆಯೊಳಗೆ ಓಡಾಡಿ.

ಜೀರಿಗೆ ಕಷಾಯದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕುಡಿದರೆ ನಿಜವಾದ ನೋವು ಏರುತ್ತದೆ, ಅಲ್ಲದ್ದು ಇಳಿಯುತ್ತದೆ ಅಂತ. ಕುಡಿಯಿರಿ, ರುಚಿಯಾಗಿರುತ್ತದೆ. ಕಷಾಯ ಏನು ಹೇಳುತ್ತದೆ ಅಂತ ಕಾಯುತ್ತ ಕೂರಬೇಡಿ. ಹರಳೆಣ್ಣೆ ಮಾತ್ರ ಬಾಯಿಗೆ ಹಾಕಲೇಬೇಡಿ.

ಅರಸೀಕೆರೆಯಿಂದ ಹಾಸನಕ್ಕೆ ನಲವತ್ತು ಕಿಲೋಮೀಟರಿಗೂ ಜಾಸ್ತಿ. ಬೇಗ ಹುಟ್ಟುವ ಮಗುವಿಗೆ ನವಜಾತ ಶಿಶು ಘಟಕ ಇರುವ ಆಸ್ಪತ್ರೆ ಬೇಕು, ಅಲ್ಲಿಗೆ ತಾಯಿಯ ಹೊಟ್ಟೆಯಲ್ಲೇ ಹೋಗುವುದು ಮಗುವಿಗೆ ಎಲ್ಲಕ್ಕಿಂತ ಒಳ್ಳೆಯ ಪ್ರಯಾಣ. ಯಾವ ಆಸ್ಪತ್ರೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು ಒಂದೇ ಕವರಿನಲ್ಲಿರಲಿ. ಮನೆಯವರು ಬೆಂಗಳೂರಿನಿಂದ ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಅತ್ತೆಯನ್ನು ಕರೆದುಕೊಂಡು ಹೊರಡಿ, ಮನೆಯವರು ನೇರ ಆಸ್ಪತ್ರೆಗೇ ಬರಲಿ. ಮಗಳನ್ನು ಆ ಹೊತ್ತಿಗೆ ಯಾರ ಮನೆಯಲ್ಲಿ ಬಿಡುವುದು ಅನ್ನುವುದನ್ನೂ ಇವತ್ತೇ ಮಾತಾಡಿಡಿ. ಎರಡನೆಯದರಲ್ಲಿ ಹೆಂಗಸರು ತಡ ಮಾಡುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ.

ಈಗ ಅವತ್ತು ಏನಾಯಿತು ಅನ್ನುವುದು. ನೀವು ಹೋದಿರಿ, ಗರ್ಭಕೋಶದ ಬಾಯಿ ಗಟ್ಟಿಯಾಗಿ ಮುಚ್ಚಿದೆ ಅಂದರು. ಮೂತ್ರದಲ್ಲಿ ಸೋಂಕು ಸಿಕ್ಕಿತು. ಉರಿಯೂ ಇರಲಿಲ್ಲ ನೋಡಿ ನಿಮಗೆ. ಮೂತ್ರದ ಸೋಂಕು ಗರ್ಭಕೋಶವನ್ನು ಕೆರಳಿಸುತ್ತದೆ, ಬಿಟ್ಟರೆ ಬೇಗ ಹೆರಿಗೆಗೂ ದಾರಿಯಾಗಬಹುದು. ಏಳು ದಿನದ ಮಾತ್ರೆ ಕೊಟ್ಟರು, ನಾಲ್ಕನೇ ದಿನಕ್ಕೆ ಸಂಜೆಯ ಬಿಗಿತ ಒಂದೆರಡಕ್ಕೆ ಇಳಿಯಿತು ಅಂತ ಮೆಸೇಜ್ ಹಾಕಿದ್ದಿರಿ. ಮಾತ್ರೆ ಪೂರ್ತಿ ಮುಗಿಸಿದಿರಿ ತಾನೇ? ಮತ್ತೆ ಮೂತ್ರ ಪರೀಕ್ಷೆಗೆ ಹೋಗಬೇಕು, ಮರೆಯಬೇಡಿ.

ಮಗಳನ್ನು ಎತ್ತಿಕೊಳ್ಳುವ ವಿಷಯ. ನಿಂತಲ್ಲಿಂದ ಬಗ್ಗಿ ಎತ್ತುವುದು ಬೇಡ. ನೀವು ಮಂಚದ ಮೇಲೋ ಜಗಲಿ ಮೇಲೋ ಕೂತುಕೊಳ್ಳಿ, ಅವಳೇ ಹತ್ತಿ ಪಕ್ಕಕ್ಕೆ ಬರಲಿ. ನಿಮ್ಮ ಪತ್ರದ ಹಿಂಬದಿಯಲ್ಲಿ ನೇರಳೆ ಕ್ರೆಯಾನಿನಲ್ಲಿ ಒಂದು ದೊಡ್ಡ ಸೊನ್ನೆ, ಅದರೊಳಗೆ ಒಂದು ಚಿಕ್ಕ ಸೊನ್ನೆ ಬರೆದವಳು ಅವಳೇ ಇರಬೇಕು. ಅದನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ, ವಾಪಸ್ ಕಳಿಸುವುದಿಲ್ಲ.

— ಸಂಪಾದಕಿ